ಕರಿಬೇವಿನ ಗಿಡದ ಸಮೇತ ಮನೆ ಮಾರಾಟಕ್ಕಿದೆ

ಪ್ರಶ್ನೆ: ತೀರಿಕೊಂಡ ನಮ್ಮ ತಂದೆ ಮೈಸೂರಿನ ಕುವೆಂಪುನಗರದಲ್ಲಿ 1994ರಲ್ಲಿ ಕಟ್ಟಿಸಿದ ಮನೆಯಿದೆ. 30×40 ಸೈಟು, ಕೆಳಗೊಂದು ಮೇಲೊಂದು ಮನೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿ ನೆಲೆಸಿರುವುದರಿಂದ ಮಾರಲು ನಿರ್ಧರಿಸಿದ್ದೇವೆ. ವೆಬ್‌ಸೈಟುಗಳಲ್ಲಿ ಹಾಕಿದೆವು, ಬರುವ ಫೋನೆಲ್ಲ ಬ್ರೋಕರ್‌ಗಳದ್ದೇ. ವಿದೇಶಗಳಲ್ಲಿ ಮನೆ ಮಾರಲು ಚಿತ್ರವಿಚಿತ್ರ ಜಾಹೀರಾತು ಮಾಡುತ್ತಾರಂತೆ. ನಮಗೂ ಅಂಥ ಹೊಸ ಬಗೆಯ ಉಪಾಯ ಹೇಳಿ. ಲಕ್ಕಿ ಡ್ರಾ ಮಾಡಿದರೆ ಹೇಗೆ ಎಂದು ನನ್ನ ತಮ್ಮ ಕೇಳುತ್ತಿದ್ದಾನೆ.

ಉತ್ತರ: ಮೊದಲು ನಿಮ್ಮ ತಮ್ಮನ ಮಾತು ಮುಗಿಸಿಬಿಡೋಣ. ಲಕ್ಕಿ ಡ್ರಾ ಬೇಡ. ಅಮೆರಿಕದ ಮೇನ್ ರಾಜ್ಯದಲ್ಲಿ ಸೆಂಟರ್ ಲೊವೆಲ್ ಇನ್ ಎಂಬ ಹಳೆಯ ವಸತಿಗೃಹವಿದೆ. 1993ರಲ್ಲಿ ಅದರ ಮಾಲೀಕರು ಪ್ರಬಂಧ ಸ್ಪರ್ಧೆ ಇಟ್ಟು, ಗೆದ್ದವರಿಗೆ ಕಟ್ಟಡವನ್ನೇ ಬಿಟ್ಟುಕೊಟ್ಟರು. ಹಾಗೆ ಗೆದ್ದ ಮಹಿಳೆ ಅದನ್ನು ವರ್ಷಗಟ್ಟಲೆ ನಡೆಸಿ, 2015ರಲ್ಲಿ ತಾವೂ ಅದೇ ದಾರಿ ಹಿಡಿದರು: 200 ಪದಗಳ ಪ್ರಬಂಧ, ಜೊತೆಗೆ 125 ಡಾಲರ್ ಪ್ರವೇಶ ಶುಲ್ಕ. ಅಲ್ಲಿ ಬರವಣಿಗೆ ನೋಡಿ ಆರಿಸಿದರು, ಆದ್ದರಿಂದ ಅದು ಜೂಜಲ್ಲ ಎಂದು ವಾದಿಸಬಹುದು. ಕೂಪನ್ ಮಾರಿ ಚೀಟಿ ಎತ್ತುವುದಕ್ಕೆ ಆ ನೆಪವೂ ಇಲ್ಲ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಾಗಿದೆ, ಖಾಸಗಿಯವರು ನಡೆಸುವ ಲಾಟರಿ ದೇಶದಲ್ಲಿ ಎಲ್ಲೇ ಆದರೂ ಅಪರಾಧವೇ. ಅಪ್ಪ ಕಟ್ಟಿಸಿದ ಮನೆ ಮಾರಲು ಹೋಗಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರುವುದು ಯಾಕೆ?

ನೀವು ಕೇಳಿದ ಚಿತ್ರವಿಚಿತ್ರಗಳು ನಿಜವೇ. 2015ರಲ್ಲಿ ಇಂಡೊನೇಷ್ಯಾದ ಜಾವಾದಲ್ಲಿ ಒಬ್ಬ ವಿಧವೆ ಮನೆ ಮಾರಾಟದ ಜಾಹೀರಾತಿನಲ್ಲಿ ಕೋಣೆಗಳ ಲೆಕ್ಕ, ಮೀನಿನ ಕೊಳ ಎಲ್ಲ ಹೇಳಿ, ಮನೆ ಕೊಳ್ಳುವವರು ಬೇಕಾದರೆ ಮಾಲಕಿಯನ್ನೂ ಮದುವೆಯಾಗಲು ಕೇಳಬಹುದು ಎಂದು ಸೇರಿಸಿದರು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಬರೆದವು. ಟೆಕ್ಸಾಸ್‌ನ ಒಂದು ಮನೆಯ ಫೋಟೊಗಳಲ್ಲಿ ಪಾಂಡಾ ವೇಷ ತೊಟ್ಟ ಮನುಷ್ಯನೊಬ್ಬ ಅಡುಗೆಮನೆಯಲ್ಲೂ ಬಚ್ಚಲಲ್ಲೂ ಕಾಣಿಸಿಕೊಂಡ. ಲಕ್ಷಾಂತರ ಜನ ನೋಡಿದರು. ಆದರೆ ನೋಡಿದ ಲಕ್ಷ ಜನರಲ್ಲಿ ಆ ಊರಿನಲ್ಲಿ ಮನೆ ಹುಡುಕುತ್ತಿದ್ದವರು ಎಷ್ಟು ಮಂದಿ? ಸೋಪಿನ ಜಾಹೀರಾತಿಗೆ ಲಕ್ಷ ಜನ ಬೇಕು. ನಿಮಗೆ ಬೇಕಾಗಿರುವುದು ಒಂದೇ ಒಂದು ಕುಟುಂಬ.

ಇನ್ನೊಂದು ಪ್ರಸಂಗ ಬೇರೆಯದೇ ಎಚ್ಚರಿಕೆ ಹೇಳುತ್ತದೆ. ನ್ಯೂಯಾರ್ಕ್ ಬಳಿಯ ನಯಾಕ್ ಎಂಬ ಊರಿನ ಮನೆಯೊಡತಿಯೊಬ್ಬರು ತಮ್ಮ ಮನೆಯಲ್ಲಿ ದೆವ್ವಗಳಿವೆ ಎಂದು ರೀಡರ್ಸ್ ಡೈಜೆಸ್ಟ್‌ನಲ್ಲೂ ಸ್ಥಳೀಯ ಪತ್ರಿಕೆಯಲ್ಲೂ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಆಮೇಲೆ ಮನೆ ಮಾರುವಾಗ ಹೊರಊರಿನ ಖರೀದಿದಾರನಿಗೆ ಆ ಸಂಗತಿ ತಿಳಿಸಲಿಲ್ಲ. ಆತ ಕೋರ್ಟಿಗೆ ಹೋದ. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಕರಾರಿನಿಂದ ಹೊರಬರಲು ಆತನಿಗೆ ದಾರಿ ಮಾಡಿಕೊಟ್ಟಿತು. ದೆವ್ವ ಇದೆ ಎಂದು ಊರಿಗೆಲ್ಲ ಸಾರಿದವರು ಈಗ ಇಲ್ಲ ಎನ್ನುವಂತಿಲ್ಲ, ಕಾನೂನಿನ ಲೆಕ್ಕದಲ್ಲಿ ಆ ಮನೆಯಲ್ಲಿ ದೆವ್ವ ಇದ್ದೇ ಇದೆ ಎಂದು ನ್ಯಾಯಾಧೀಶರು ನಗುನಗುತ್ತಲೇ ಬರೆದರು. ಜಾಹೀರಾತಿನಲ್ಲಿ ಆಡಿದ್ದು ಆಡಿದ್ದೇ.

ಹಾಗಾದರೆ ಯಾರಿಂದ ಕಲಿಯಬೇಕು? ನನ್ನ ಮಟ್ಟಿಗೆ ಲಂಡನ್ನಿನ ರಾಯ್ ಬ್ರೂಕ್ಸ್‌ನಿಂದ. 1950–60ರ ದಶಕಗಳಲ್ಲಿ ಮನೆ ಮಾರಿಸುವ ದಲ್ಲಾಳಿಯಾಗಿದ್ದ ಈತ ಭಾನುವಾರದ ಪತ್ರಿಕೆಗಳಲ್ಲಿ ಕೊಡುತ್ತಿದ್ದ ಜಾಹೀರಾತುಗಳನ್ನು, ಮನೆ ಕೊಳ್ಳುವ ಯೋಚನೆಯೇ ಇಲ್ಲದವರೂ ಕಾಫಿಯ ಜೊತೆ ಓದುತ್ತಿದ್ದರು. ಮಿಕ್ಕ ದಲ್ಲಾಳಿಗಳು ಗೂಡಿನಂಥ ಕೋಣೆಯನ್ನು ಬೆಚ್ಚನೆಯ ಕೋಣೆ ಎಂದು ಬರೆಯುತ್ತಿದ್ದಾಗ, ಇವನು ಸೋರುವ ಸೂರನ್ನೂ ಹಾಳುಬಿದ್ದ ಹಿತ್ತಲನ್ನೂ ಹಿಂದಿನ ಬಾಡಿಗೆದಾರರ ಕೆಟ್ಟ ಅಭಿರುಚಿಯನ್ನೂ ಹಾಗೆಹಾಗೆಯೇ ಬರೆದ. ಜನ ಮುನಿಯಲಿಲ್ಲ, ನಂಬಿದರು. ಕೆಟ್ಟದ್ದನ್ನು ಮುಚ್ಚಿಡದವನು ಒಳ್ಳೆಯದನ್ನು ಉತ್ಪ್ರೇಕ್ಷಿಸಲಾರ ಎಂಬ ಲೆಕ್ಕ ಅವರದ್ದು. ಅವನ ಜಾಹೀರಾತುಗಳು ಮುಂದೆ ಪುಸ್ತಕಗಳಾಗಿ ಬಂದವು.

ನಮ್ಮಲ್ಲಿ ಈ ದಾರಿ ಹೆಚ್ಚುಕಡಿಮೆ ಖಾಲಿಯೇ ಇದೆ. ಯಾವ ಪತ್ರಿಕೆಯ ವರ್ಗೀಕೃತ ಪುಟ ತೆಗೆದರೂ ಒಂದೇ ರಾಗ: ಪ್ರೈಮ್ ಲೊಕೇಶನ್, ವಾಸ್ತು ಪ್ರಕಾರ, ತುರ್ತು ಮಾರಾಟ, ಬೆಲೆ ಮಾತುಕತೆಗೆ. ‘ತುರ್ತು’ ಎಂದು ಬರೆದ ದಿನವೇ ಬೆಲೆ ಇಳಿಯುತ್ತದೆ, ಇದು ಬ್ರೋಕರ್‌ಗಳಿಗೆ ಗೊತ್ತು, ಮಾಲೀಕರಿಗೆ ಗೊತ್ತಿರುವುದಿಲ್ಲ. ಬೆಲೆ ಬರೆಯದಿದ್ದರೆ ಸುಮ್ಮನೆ ವಿಚಾರಿಸುವವರು ಫೋನ್ ಮಾಡುತ್ತಾರೆ, ಕೊಳ್ಳುವವರು ಸಂಕೋಚಪಟ್ಟು ಮುಂದಿನ ಜಾಹೀರಾತಿಗೆ ಹೋಗುತ್ತಾರೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎನ್ನುವವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಮಾರಿದ ಮೇಲೆ ಆ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದು ನಿಮ್ಮ ವಿಷಯವೇ ಅಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ವಿವರಗಳನ್ನು ಊಹಿಸಿಕೊಂಡು ಒಂದು ಮಾದರಿ ಬರೆದಿದ್ದೇನೆ, ತಿದ್ದಿಕೊಳ್ಳಿ:

“ಕುವೆಂಪುನಗರದಲ್ಲಿ 30×40 ಸೈಟಿನಲ್ಲಿ 14 ಚದರದ ಮನೆ, ಉತ್ತರದ ಬಾಗಿಲು. 1994ರಲ್ಲಿ ಅಪ್ಪ ಎದುರು ನಿಂತು ಕಟ್ಟಿಸಿದ್ದು. ತೇಗದ ಬಾಗಿಲುಗಳು, ಮೊಸಾಯಿಕ್ ನೆಲ. ಮೇಲಿನ ಬಾತ್‌ರೂಮಿನ ಗೋಡೆ ಮಳೆಗಾಲದಲ್ಲಿ ತೇವ ಕಟ್ಟುತ್ತದೆ, ರಿಪೇರಿಗೆ ಎಷ್ಟಾಗುತ್ತದೆಂದು ಬರೆಸಿ ಇಟ್ಟಿದ್ದೇವೆ. ಕಾರು ಒಂದೇ ನಿಲ್ಲುತ್ತದೆ. ಹಿತ್ತಲಿನ ಕರಿಬೇವು ಇಡೀ ಬೀದಿಯ ಒಗ್ಗರಣೆಗೆ ಸಾಕು. ಮಂಜೂರಾದ ನಕ್ಷೆ, ಇ-ಖಾತೆ, ಇಸಿ ಸಿದ್ಧ. ಸಾಲವಿಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಸಹಿಗೆ ಬರುತ್ತಾರೆ. ಪೂರ್ತಿ ಹಣ ಬ್ಯಾಂಕಿನ ಮೂಲಕ. ಬೆಲೆ ಇಷ್ಟು. ಬ್ರೋಕರ್‌ಗಳು ದಯವಿಟ್ಟು ಕರೆಯಬೇಡಿ.”

ಇದರಲ್ಲಿ ಜನ ನೆನಪಿಟ್ಟುಕೊಳ್ಳುವುದು ಕರಿಬೇವನ್ನು. ಅವರನ್ನು ಮನೆಯವರೆಗೆ ಕರೆತರುವುದು ಮಾತ್ರ ಕೊನೆಯ ಸಾಲುಗಳು. ನಮ್ಮ ಕಡೆ ಮನೆ ಕೊಳ್ಳುವವರ ಭಯ ಗೋಡೆಯದ್ದಲ್ಲ, ಕಾಗದದ್ದು. ಬೆಂಗಳೂರಿನ ಖಾಲಿ ಸೈಟುಗಳ ಕಾಂಪೌಂಡಿನ ಮೇಲೆ ‘ಈ ಸ್ವತ್ತು ಮಾರಾಟಕ್ಕಿಲ್ಲ, ಮೋಸ ಹೋಗಬೇಡಿ’ ಎಂದು ಬಣ್ಣದಲ್ಲಿ ಬರೆಸಿರುವುದನ್ನು ನೀವು ನೋಡಿರುತ್ತೀರಿ. ಮಾರುವುದಿಲ್ಲ ಎಂದೇ ಜಾಹೀರಾತು ಕೊಡಬೇಕಾದ ನಾಡಿನಲ್ಲಿ, ಮಾರುತ್ತೇವೆ ಎನ್ನುವವರನ್ನು ಜನ ಸುಲಭಕ್ಕೆ ನಂಬುವುದಿಲ್ಲ. ಮೈಸೂರಿನವರ ಮೊದಲ ಪ್ರಶ್ನೆಯೇ ‘ಮುಡಾ ಸೈಟಾ, ಪ್ರೈವೇಟ್ ಲೇಔಟಾ?’ ಎಂಬುದು. ಮುಡಾ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿದೆ, ಪ್ರಶ್ನೆ ಮಾತ್ರ ಹಳೆಯದೇ.

ಆದ್ದರಿಂದ ನನಗೆ ಗೊತ್ತಿರುವ ಅತಿ ಜಾಣತನದ ಜಾಹೀರಾತು ಕಡತದಿಂದ ಹುಟ್ಟುವಂಥದ್ದು. ತಂದೆಯವರ ಹೆಸರಿನಲ್ಲಿದ್ದ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ, ವಂಶವೃಕ್ಷದ ಪ್ರಮಾಣಪತ್ರ ಪಡೆಯಿರಿ. ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಪಾಲಿದೆ. ‘ಅವಳು ಏನೂ ಅನ್ನುವುದಿಲ್ಲ’ ಎಂಬ ಮಾತು ನೋಂದಣಿ ಕಚೇರಿಯಲ್ಲಿ ನಡೆಯುವುದಿಲ್ಲ. ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪತ್ರ (ಇಸಿ) ಆನ್‌ಲೈನಿನಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಅರ್ಜಿ ಹಾಕಿ. ಆಮೇಲೆ ಬ್ಯಾಂಕುಗಳ ಪ್ಯಾನೆಲ್‌ನಲ್ಲಿರುವ ಒಬ್ಬ ವಕೀಲರಿಂದ ನಿಮ್ಮ ಖರ್ಚಿನಲ್ಲೇ ಲೀಗಲ್ ಒಪಿನಿಯನ್ ಬರೆಸಿ, ‘ವಕೀಲರ ಅಭಿಪ್ರಾಯ ಸಿದ್ಧವಿದೆ, ಬ್ಯಾಂಕ್ ಸಾಲಕ್ಕೆ ತೊಂದರೆಯಿಲ್ಲ’ ಎಂದು ಜಾಹೀರಾತಿನಲ್ಲಿ ಹಾಕಿ. ಸಾಮಾನ್ಯವಾಗಿ ಈ ಕೆಲಸವನ್ನು ಕೊಳ್ಳುವವರು ಮಾಡಿಸುತ್ತಾರೆ. ಮಾರುವವರೇ ಮುಂದಾಗಿ ಮಾಡಿಸಿದ್ದಾರೆ ಎಂದರೆ ಸಂಬಳದ ಮೇಲೆ ಸಾಲ ಮಾಡಿ ಕೊಳ್ಳುವ ಮೇಷ್ಟ್ರು, ನರ್ಸು, ಎಂಜಿನಿಯರು ಫೋನ್ ತೆಗೆದುಕೊಳ್ಳುತ್ತಾರೆ. ‘ಪೂರ್ತಿ ಹಣ ಬ್ಯಾಂಕಿನ ಮೂಲಕ’ ಎಂಬ ಸಾಲು ಬರೀ ಪ್ರಾಮಾಣಿಕತೆಗಲ್ಲ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯಬಾರದೆಂದು 2015ರ ಜೂನ್‌ನಿಂದ ಆದಾಯ ತೆರಿಗೆ ಕಾನೂನು ಹೇಳುತ್ತಿದೆ. ಪಡೆದರೆ ಅಷ್ಟೇ ಮೊತ್ತದ ದಂಡ.

ಈಗ ನೀವು ಕೇಳಿದ ‘ಹೊಸ ಬಗೆ’ಗೆ ಬರುತ್ತೇನೆ. ಮನೆಯ ಜಾತಕ ಬರೆಯಿರಿ. ಗಂಡುಹೆಣ್ಣಿನ ಜಾತಕದಂತೆಯೇ ಒಂದು ಹಾಳೆ: ಕಟ್ಟಿದ ವರ್ಷ, ಸಂಪಿನ ಅಳತೆ, ಬೋರ್‌ವೆಲ್ ಇದ್ದರೆ ಅದರ ಆಳ, ತಾರಸಿಗೆ ಕೊನೆಯ ಸಲ ವಾಟರ್‌ಪ್ರೂಫಿಂಗ್ ಮಾಡಿಸಿದ ವರ್ಷ, ವೈರಿಂಗ್ ಬದಲಿಸಿದ್ದು ಯಾವಾಗ, ಕರೆಂಟು ಮತ್ತು ನೀರಿನ ಬಿಲ್ಲು ತಿಂಗಳಿಗೆ ಎಷ್ಟು, ನೀರು ಯಾವ ಹೊತ್ತಿಗೆ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರ್ ಸಾಲು ಕಂಡವರಿಗೆ ಆ ಕೊನೆಯ ಸಾಲಿನ ಬೆಲೆ ಹೇಳಬೇಕಾಗಿಲ್ಲ.

ಎರಡನೆಯದು, ಮಳೆಯಲ್ಲಿ ವಿಡಿಯೊ ಮಾಡಿ. ಎಲ್ಲರೂ ಬಿಸಿಲು ನೋಡಿ, ಮನೆ ತೊಳೆದು, ಫೋಟೊ ತೆಗೆಸುತ್ತಾರೆ. ನೀವು ಜೋರು ಮಳೆ ಬಂದಾಗ ಮೊಬೈಲ್ ಹಿಡಿದು ಬೀದಿಯ ತುದಿಯಿಂದ ಹೊರಡಿ. ಚರಂಡಿ ತುಂಬಿ ಹರಿಯುತ್ತದೆಯೋ ಇಲ್ಲವೋ ತೋರಿಸಿ, ಗೇಟು ದಾಟಿ ಒಳಗೆ ಬಂದು, ಪ್ರತಿ ಕೋಣೆಯ ಸೀಲಿಂಗ್ ತೋರಿಸುತ್ತ ತಾರಸಿಯವರೆಗೆ ಹೋಗಿ. ಎಲ್ಲೂ ಕತ್ತರಿಸದ ಒಂದೇ ವಿಡಿಯೊ ಆಗಿರಲಿ, ಮಾತು ನಿಮ್ಮದೇ ಮೈಸೂರು ಕನ್ನಡದಲ್ಲಿರಲಿ. ತೇವದ ಗೋಡೆಯ ಮುಂದೆ ನಿಂತು ಇದೇ ಆ ಗೋಡೆ ಎನ್ನಿ. ಹಿನ್ನೆಲೆ ಸಂಗೀತ ಬೇಡ, ಮಳೆಯ ಸದ್ದೇ ಸಾಕು. ಆಷಾಢದಲ್ಲಿ ಮನೆ ವ್ಯವಹಾರಕ್ಕೆ ಯಾರೂ ಕೈಹಾಕುವುದಿಲ್ಲ, ಶುಕ್ರವಾರವಂತೂ ಮೈಸೂರಿಗೆ ಮೈಸೂರೇ ಚಾಮುಂಡಿ ಬೆಟ್ಟದ ಮೇಲಿರುತ್ತದೆ. ಆ ತಿಂಗಳನ್ನು ವಿಡಿಯೊಗೆ ಬಳಸಿಕೊಂಡು ಶ್ರಾವಣಕ್ಕೆ ಜಾಹೀರಾತು ಬಿಡಿ. ಅದು ತಪ್ಪಿದರೆ ಜನವರಿ–ಫೆಬ್ರುವರಿ ಒಳ್ಳೆಯದು, ಜೂನ್‌ಗೆ ಮಕ್ಕಳ ಶಾಲೆ ಶುರುವಾಗುವ ಮೊದಲು ಮನೆ ಸೇರಬೇಕೆನ್ನುವವರು ಆಗಲೇ ಹುಡುಕಾಟ ಆರಂಭಿಸಿರುತ್ತಾರೆ.

ಮೂರನೆಯದು ಖರ್ಚಿಲ್ಲದ್ದು. ಯಾವ ವೆಬ್‌ಸೈಟಿಗೂ ಮೊದಲು ಅಕ್ಕಪಕ್ಕದವರಿಗೆ ಹೇಳಿ. ಒಂದು ಭಾನುವಾರ ಸಂಜೆ ಮನೆ ತೆರೆದು, ಬೀದಿಯವರನ್ನೆಲ್ಲ ಕಾಫಿಗೆ ಕರೆಯಿರಿ. ನಿಮ್ಮ ತಂದೆಯನ್ನು ಬಲ್ಲವರು ಅವರೇ. ಮಗಳು ಹತ್ತಿರವಿರಲಿ ಎಂದು ಬಯಸುವ ಎದುರುಮನೆಯವರು, ಜಾಗ ಸೇರಿಸಿಕೊಳ್ಳಬಯಸುವ ಪಕ್ಕದವರು, ಮಹಡಿಯಲ್ಲಿ ಬಾಡಿಗೆಗಿರುವವರು, ಇವರಲ್ಲೇ ನಿಮ್ಮ ಖರೀದಿದಾರ ಇರುವ ಸಾಧ್ಯತೆ ಹೆಚ್ಚು. ಬೆಂಗಳೂರಿಗೆ ಹೋದವರು ಮನೆ ಮಾರುತ್ತಿದ್ದೇವೆಂದು ಹೇಳಿಕೊಳ್ಳಲು ನಾಚುತ್ತಾರೆ, ಆ ನಾಚಿಕೆಯ ಬೆಲೆ ಬ್ರೋಕರ್ ಕಮಿಷನ್ನು. ಪತ್ರಿಕೆ ಹಾಕುವ ಹುಡುಗರ ಏಜೆಂಟರ ಬಳಿ ಮಾತಾಡಿ, ಸುತ್ತಲಿನ ಬಡಾವಣೆಗಳಿಗೆ ಮೇಲಿನ ಮಾದರಿಯ ಕರಪತ್ರ ಹಾಕಿಸಿ. ಮೈಸೂರು ಮಿತ್ರ, ಸ್ಟಾರ್ ಆಫ್ ಮೈಸೂರ್‌ನಂಥ ಊರ ಪತ್ರಿಕೆಯ ವರ್ಗೀಕೃತದಲ್ಲಿ ಎರಡೇ ಸಾಲು ಸಾಕು, ಅದರಲ್ಲಿ ಒಂದು ಸಾಲು ಕರಿಬೇವಿನದಿರಲಿ.

ಅಂದಹಾಗೆ, ಅಮೆರಿಕದಲ್ಲಿ ಮನೆ ಬೇಗ ಮಾರಾಟವಾಗಲೆಂದು ಸಂತ ಜೋಸೆಫರ ಪುಟ್ಟ ವಿಗ್ರಹವನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುವ ವಾಡಿಕೆಯಿದೆ. ನಮ್ಮಲ್ಲಿ ಮನೆ ಆಗಲೆಂದು ಬೇಡುವವರು ಇಟ್ಟಿಗೆ ಹಿಡಿದು ಕೆ.ಆರ್. ಪೇಟೆ ತಾಲ್ಲೂಕಿನ ಕಲ್ಲಹಳ್ಳಿಯ ಭೂವರಾಹನಾಥನಲ್ಲಿಗೆ ಹೋಗುತ್ತಾರೆ. ಕೊಳ್ಳುವವರ ದೇವರು ಹತ್ತಿರದಲ್ಲೇ ಇದ್ದಾನೆ, ನಿಮಗೆ ಅನುಕೂಲವೇ ಆಯಿತು.

ಗೇಟಿಗೆ ಬೋರ್ಡು ಹಾಕಿ, ಅದರಲ್ಲಿ ವಿಡಿಯೊಗೂ ಜಾತಕದ ಹಾಳೆಗೂ ಕೊಂಡಿಯಾಗುವ ಕ್ಯೂಆರ್ ಕೋಡ್ ಇರಲಿ. ದಾರಿಯಲ್ಲಿ ಹೋಗುವವರು ನಿಂತಲ್ಲೇ ನೋಡಬಹುದು. ಆದರೆ ಬೋರ್ಡು ನಿಮ್ಮ ಗೇಟಿಗಷ್ಟೇ. ಕರೆಂಟು ಕಂಬ, ಬಸ್ ಸ್ಟಾಪ್, ಪಾರ್ಕಿನ ಗೋಡೆಗೆ ಅಂಟಿಸುವುದು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬೀದಿಯ ಅಂದ ಹಾಳುಮಾಡಿ ಅದೇ ಬೀದಿಯ ಮನೆ ಮಾರುವುದು ವ್ಯಾಪಾರದ ದೃಷ್ಟಿಯಿಂದಲೂ ದಡ್ಡತನ.

ಕ್ರಯಪತ್ರದ ಪ್ರತಿಯನ್ನು ಮಾತ್ರ ಎಲ್ಲೂ ಆನ್‌ಲೈನಿನಲ್ಲಿ ಹಾಕಬೇಡಿ, ವಾಟ್ಸ್‌ಆ್ಯಪಿನಲ್ಲಿ ಅಪರಿಚಿತರಿಗೆ ಕಳಿಸಲೂ ಬೇಡಿ. ಅದರಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ, ಸಹಿ ಮೂರೂ ಇರಬಹುದು. 2023ರಲ್ಲಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ಕದ್ದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ಎತ್ತಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಮೂಲ ಕಾಗದ ತೋರಿಸುವುದು ಮನೆಗೆ ಬಂದು ಕೂತವರಿಗೆ ಮಾತ್ರ. ಮನೆ ನೋಡದೆಯೇ ಟೋಕನ್ ಅಡ್ವಾನ್ಸ್ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಎಂದು ಯಾರಾದರೂ ಹೇಳಿದರೆ ಫೋನ್ ಇಡಿ. ಹಣ ಪಡೆಯಲು ಯಾರೂ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ.

ಮನೆ ಮಾರಾಟವಾದ ದಿನವೇ ಬೋರ್ಡು ಇಳಿಸಿ, ವೆಬ್‌ಸೈಟಿನಲ್ಲಿರುವ ಫೋಟೊಗಳನ್ನೂ ವಿಡಿಯೊವನ್ನೂ ಅಳಿಸಿಬಿಡಿ. ಹಾಗೇ ಬಿಟ್ಟರೆ ಬೇರೆ ಯಾರೋ ಅದೇ ಚಿತ್ರ ತೋರಿಸಿ, ನಿಮ್ಮದಲ್ಲದ ಮನೆಗೆ ನಿಮ್ಮ ಹೆಸರಿನಲ್ಲೇ ಅಡ್ವಾನ್ಸ್ ವಸೂಲಿ ಮಾಡಬಹುದು.