ದತ್ತಾಂಶಕ್ಕೂ ಒಂದು ವಿಳಾಸ: ಡ್ರಮ್ಮಿನಿಂದ ಡಿಸ್ಕಿನವರೆಗೆ

ಸಂಗ್ರಹಿಸಿಟ್ಟ ಮಾಹಿತಿಯು ಬೇಕಾದ ಸಮಯಕ್ಕೆ ಕೈಗೆ ಸಿಗದಿದ್ದರೆ ಅದನ್ನು ಕಲೆಹಾಕಿದ ಶ್ರಮವೆಲ್ಲವೂ ವ್ಯರ್ಥವಾಗುತ್ತದೆ. ಕಚೇರಿಯ ದಾಖಲೆ ಕೊಠಡಿಯಲ್ಲಿ ಹಳೆಯ ಕಡತವೊಂದನ್ನು ಹುಡುಕಿಸಿದವರಿಗೆ ಈ ಮಾತು ಹೊಸದಲ್ಲ. ಕಡತವು ಕೊಠಡಿಯಲ್ಲಿಯೇ ಇರುತ್ತದೆ. ಯಾವ ಕಪಾಟಿನ ಯಾವ ಕಟ್ಟಿನಲ್ಲಿದೆ ಎಂಬುದು ಮಾತ್ರ ತಿಳಿದಿರುವುದಿಲ್ಲ. ಗಣಕಯಂತ್ರಗಳನ್ನು ರೂಪಿಸಿದವರು ಎದುರಿಸಿದ ಸಮಸ್ಯೆಯೂ ಇದೇ ಬಗೆಯದು. ಅದಕ್ಕೆ ಅವರು ಕಂಡುಕೊಂಡ ಪರಿಹಾರವೆಂದರೆ ಪ್ರತಿಯೊಂದು ಅಂಕಿ ಅಂಶಕ್ಕೂ ಒಂದು ವಿಳಾಸವನ್ನು ಕೊಡುವುದು.

ಬಾರಾನಗರದ ಗಣಕಗಳು

ಹೂಗ್ಲಿ ನದಿಯ ಪೂರ್ವ ದಂಡೆಯ ಮೇಲೆ, ಕೋಲ್ಕತ್ತ ನಗರದ ಉತ್ತರಕ್ಕೆ ಹೊಂದಿಕೊಂಡಂತಿರುವ ಬಾರಾನಗರವು ಭಾರತದ ಗಣಕ ಇತಿಹಾಸದಲ್ಲಿ ವಿಶೇಷ ಸ್ಥಾನವನ್ನು ಪಡೆದಿದೆ. ಪ್ರಶಾಂತಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಇಲ್ಲಿದೆ. ಬೆಂಗಳೂರಿನಲ್ಲಿಯೂ ಈ ಸಂಸ್ಥೆಯ ಕೇಂದ್ರವೊಂದಿದೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ದೇಶದ ಹಳ್ಳಿ ಪಟ್ಟಣಗಳ ಕುಟುಂಬಗಳಿಂದ ಕಲೆಹಾಕಿದ ಅಂಕಿ ಅಂಶಗಳನ್ನು ಈ ಸಂಸ್ಥೆಯಲ್ಲಿ ವಿಂಗಡಿಸಿ ಲೆಕ್ಕ ಹಾಕಲಾಗುತ್ತಿತ್ತು. ಪಂಚವಾರ್ಷಿಕ ಯೋಜನೆಗಳಿಗೆ ಅಗತ್ಯವಾದ ಈ ಲೆಕ್ಕಗಳನ್ನು ಕೈಯಿಂದ ಮಾಡಿ ಮುಗಿಸುವುದು ಕಷ್ಟಸಾಧ್ಯವಾಗಿತ್ತು.

1955-56ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಗಣಕಯಂತ್ರವನ್ನು ಇಲ್ಲಿಗೆ ತರಿಸಲಾಯಿತು. ಇದು ಭಾರತದಲ್ಲಿ ಸ್ಥಾಪಿತವಾದ ಮೊದಲ ಅಂಕೀಯ ಗಣಕಯಂತ್ರ. ಕೆಲವೇ ವರ್ಷಗಳಲ್ಲಿ ಸೋವಿಯತ್ ಒಕ್ಕೂಟದ ಉರಾಲ್ ಗಣಕವೂ ಬಂದು ಸೇರಿತು. ಈ ಎರಡೂ ಯಂತ್ರಗಳ ಸ್ಮರಣೆಯು ತಿರುಗುವ ಡ್ರಮ್ಮಿನ ಮೇಲಿತ್ತು. ಮುಂದೆ ಬಂದ ಡಿಸ್ಕ್‌ಗಳ ವಿಳಾಸ ಪದ್ಧತಿಯನ್ನು ಅರಿಯಲು ಈ ಡ್ರಮ್ಮಿನಿಂದಲೇ ಆರಂಭಿಸುವುದು ಸುಲಭ.

ಡ್ರಮ್ಮಿನ ಮೇಲಿನ ವಿಳಾಸ

ಡ್ರಮ್ ಎಂದರೆ ಹೊರಮೈಗೆ ಕಾಂತೀಯ ವಸ್ತುವನ್ನು ಲೇಪಿಸಿದ ಒಂದು ಉರುಳೆ. ಅದರ ಸುತ್ತಲೂ ಬಳೆಗಳನ್ನು ಜೋಡಿಸಿದಂತೆ ಕಣ್ಣಿಗೆ ಕಾಣದ ಪಥಗಳಿರುತ್ತವೆ. ಪಥದ ಎದುರಿಗಿರುವ ತಲೆಯು ಆ ಪಥದ ಮೇಲೆ ಗುರುತುಗಳನ್ನು ಬರೆಯುತ್ತದೆ ಮತ್ತು ಓದುತ್ತದೆ. ನಿರ್ದಿಷ್ಟ ಸಂಖ್ಯೆಯ ದ್ವಿಮಾನ ಅಂಕೆಗಳ ಗುಂಪಿಗೆ 'ಪದ' ಎಂದು ಹೆಸರು. ಎಚ್‌ಇಸಿ-2ಎಂ ಗಣಕದ ಡ್ರಮ್ಮಿನಲ್ಲಿ ಇಂತಹ 1024 ಪದಗಳಿಗೆ ಮಾತ್ರ ಅವಕಾಶವಿತ್ತು.

1024 ಎಂಬುದು 2ನ್ನು ಹತ್ತು ಬಾರಿ ಗುಣಿಸಿದಾಗ ಬರುವ ಸಂಖ್ಯೆ. ಆದುದರಿಂದ 0ಯಿಂದ 1023ರವರೆಗಿನ ಯಾವ ವಿಳಾಸವನ್ನಾದರೂ ಹತ್ತು ದ್ವಿಮಾನ ಅಂಕೆಗಳಲ್ಲಿ ಬರೆಯಬಹುದು. ಉದಾಹರಣೆಗಾಗಿ, 32 ಪಥಗಳಿರುವ ಡ್ರಮ್ಮಿನ ಪ್ರತಿ ಪಥದಲ್ಲಿಯೂ 32 ಪದಗಳಿವೆ ಎಂದಿಟ್ಟುಕೊಳ್ಳೋಣ. ವಿಳಾಸ 517ನ್ನು 32ರಿಂದ ಭಾಗಿಸಿದರೆ ಭಾಗಲಬ್ಧ 16, ಶೇಷ 5. ಸೊನ್ನೆಯಿಂದ ಎಣಿಸಿದಾಗ 16ನೆಯ ಪಥದ 5ನೆಯ ಸ್ಥಾನದಲ್ಲಿ ಆ ಪದವಿದೆ ಎಂದರ್ಥ. ಹೀಗೆ ಒಂದೇ ಸಂಖ್ಯೆಯು ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಯಾವ ಪಥ, ಪಥದಲ್ಲಿ ಯಾವ ಸ್ಥಾನ?

ಕಾಯುವ ಕಾಲ

ವಿಳಾಸ ತಿಳಿದ ಮಾತ್ರಕ್ಕೆ ಪದವು ದೊರೆಯುವುದಿಲ್ಲ. ಡ್ರಮ್ ಸುತ್ತಿ, ಆ ಸ್ಥಾನವು ತಲೆಯ ಕೆಳಗೆ ಬರುವವರೆಗೆ ಯಂತ್ರವು ಕಾಯಬೇಕು. ಮೊದಲ ಮಾದರಿಯ ಉರಾಲ್ ಗಣಕದ ಡ್ರಮ್ ನಿಮಿಷಕ್ಕೆ 6000 ಬಾರಿ, ಎಂದರೆ ಸೆಕೆಂಡಿಗೆ 100 ಬಾರಿ ಸುತ್ತುತ್ತಿತ್ತು. ಆ ಯಂತ್ರವು ಮಾಡುತ್ತಿದ್ದ ಲೆಕ್ಕಗಳೂ ಸೆಕೆಂಡಿಗೆ ಸುಮಾರು 100. ಸುತ್ತಿಗೊಂದು ಲೆಕ್ಕ ಎಂಬ ಈ ಹೊಂದಾಣಿಕೆಯಿಂದ, ಡ್ರಮ್ಮಿನ ವೇಗವೇ ಗಣಕದ ವೇಗಕ್ಕೆ ಮಿತಿ ಹಾಕುತ್ತಿತ್ತೆಂಬುದು ಸ್ಪಷ್ಟವಾಗುತ್ತದೆ.

ಈ ಕಾಯುವಿಕೆಯನ್ನು ಕಡಿಮೆ ಮಾಡಲು ಒಂದು ಜಾಣ್ಮೆಯ ಉಪಾಯವಿತ್ತು. ಅಮೆರಿಕದ ಐಬಿಎಂ 650 ಗಣಕದಲ್ಲಿ ಪ್ರತಿಯೊಂದು ಆದೇಶವೂ ಮುಂದಿನ ಆದೇಶದ ವಿಳಾಸವನ್ನು ತನ್ನೊಳಗೆ ಹೊಂದಿರುತ್ತಿತ್ತು. ಒಂದು ಲೆಕ್ಕ ಮುಗಿಯುವ ವೇಳೆಗೆ ಡ್ರಮ್ಮಿನ ಯಾವ ಭಾಗವು ತಲೆಯ ಬಳಿ ಬಂದಿರುತ್ತದೆ ಎಂದು ಮೊದಲೇ ಗುಣಿಸಿ, ಮುಂದಿನ ಆದೇಶವನ್ನು ಅಲ್ಲಿಯೇ ಇಡುತ್ತಿದ್ದರು. ತಿರುಗುವ ಯಂತ್ರದಲ್ಲಿ ವಿಳಾಸವು ಸ್ಥಳದೊಂದಿಗೆ ಕಾಲವನ್ನೂ ಸೂಚಿಸುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಡಿಸ್ಕ್‌ನ ಆಗಮನ

ಡ್ರಮ್ಮಿನ ಹೊರಮೈ ಮಾತ್ರ ಬಳಕೆಗೆ ಬರುತ್ತದೆ. ಒಳಗಿನ ಜಾಗ ವ್ಯರ್ಥ. ತೆಳುವಾದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಅಷ್ಟೇ ಜಾಗದಲ್ಲಿ ಬಹುಪಾಲು ಹೆಚ್ಚು ಮೈ ದೊರೆಯುತ್ತದೆ. 1956ರ ಸೆಪ್ಟೆಂಬರ್‌ನಲ್ಲಿ ಐಬಿಎಂ ಸಂಸ್ಥೆಯು ಪ್ರಕಟಿಸಿದ 'ರಾಮಾಕ್' ಗಣಕದ ಡಿಸ್ಕ್ ಘಟಕವು ಈ ತತ್ವದ ಮೇಲೆ ರೂಪುಗೊಂಡಿತ್ತು. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ನಿಮಿಷಕ್ಕೆ 1200 ಬಾರಿ ಸುತ್ತುತ್ತಿದ್ದವು. ತಟ್ಟೆಯೊಂದಕ್ಕೆ 100 ಪಥಗಳು. ಎರಡೂ ಮೈಗಳನ್ನು ಸೇರಿಸಿ ಪಥವೊಂದಕ್ಕೆ 10 ವಿಭಾಗಗಳು. ಈ ವಿಭಾಗಕ್ಕೆ 'ಸೆಕ್ಟರ್' ಎಂದು ಹೆಸರು. ಪ್ರತಿ ಸೆಕ್ಟರ್‌ನಲ್ಲಿ 100 ಅಕ್ಷರಗಳು. ಒಟ್ಟು 50,000 ಸೆಕ್ಟರ್‌ಗಳಲ್ಲಿ 50 ಲಕ್ಷ ಅಕ್ಷರಗಳು.

ವಿಳಾಸಕ್ಕೆ ಐದು ಅಂಕೆಗಳು ಸಾಕಾಗಿದ್ದವು. 27438 ಎಂದರೆ 27ನೆಯ ತಟ್ಟೆ, 43ನೆಯ ಪಥ, 8ನೆಯ ಸೆಕ್ಟರ್. 1972ರಿಂದ ನಮ್ಮ ಅಂಚೆ ಇಲಾಖೆ ಬಳಸುತ್ತಿರುವ ಪಿನ್ ಕೋಡ್‌ನಲ್ಲಿಯೂ ಮೊದಲ ಅಂಕೆಯು ವಲಯವನ್ನೂ ಕೊನೆಯ ಮೂರು ಅಂಕೆಗಳು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ದೊಡ್ಡದರಿಂದ ಚಿಕ್ಕದರ ಕಡೆಗೆ ಸಾಗುವ ಕ್ರಮ ಎರಡರಲ್ಲಿಯೂ ಒಂದೇ.

ರಾಮಾಕ್‌ನಲ್ಲಿ ಓದುವ ತಲೆಗಳನ್ನು ಹೊತ್ತ ತೋಳು ಒಂದೇ ಇದ್ದುದರಿಂದ, ಅದು ಮೇಲೆ ಕೆಳಗೆ ಚಲಿಸಿ ತಟ್ಟೆಯನ್ನು ಸೇರಿ, ಬಳಿಕ ಒಳಸರಿದು ಪಥವನ್ನು ಹುಡುಕಬೇಕಿತ್ತು. ಇದಕ್ಕೆ ಸರಾಸರಿ ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಮುಂದಿನ ಯಂತ್ರಗಳಲ್ಲಿ ಪ್ರತಿ ಮೈಗೂ ಒಂದೊಂದು ತಲೆಯನ್ನಿಟ್ಟು, ಎಲ್ಲವನ್ನೂ ಬಾಚಣಿಗೆಯ ಹಲ್ಲುಗಳಂತೆ ಒಟ್ಟಿಗೆ ಚಲಿಸುವಂತೆ ಮಾಡಲಾಯಿತು. ಆಗ ಒಂದೇ ನೇರದಲ್ಲಿ ಬರುವ ಪಥಗಳ ಗುಂಪಿಗೆ 'ಸಿಲಿಂಡರ್' ಎಂಬ ಹೆಸರು ಬಂತು. 1962ರ ಐಬಿಎಂ 1311 ಡಿಸ್ಕ್‌ನಲ್ಲಿ 10 ಮೈಗಳು, ಪಥಕ್ಕೆ 20 ಸೆಕ್ಟರ್‌ಗಳು. ತೋಳನ್ನು ಕದಲಿಸದೆಯೇ 200 ಸೆಕ್ಟರ್‌ಗಳ, ಎಂದರೆ 20,000 ಅಕ್ಷರಗಳ ಮಾಹಿತಿಯನ್ನು ಓದಬಹುದಾಗಿತ್ತು. ಒಟ್ಟಿಗೆ ಬೇಕಾಗುವ ದಾಖಲೆಗಳನ್ನು ಒಂದೇ ಸಿಲಿಂಡರ್‌ನಲ್ಲಿ ಇಡುವುದು ಇದರಿಂದ ರೂಢಿಗೆ ಬಂದಿತು.

ಸೂಚಿಯ ಮಹತ್ವ

ಸಿಲಿಂಡರ್, ತಲೆ, ಸೆಕ್ಟರ್ ಎಂಬ ಮೂರು ಸಂಖ್ಯೆಗಳ ವಿಳಾಸವು ಮುಂದೆ ಮೇಜಿನ ಮೇಲಿನ ಗಣಕಗಳಿಗೂ ಬಂದಿತು. ಕಾಲಕ್ರಮೇಣ ಸೆಕ್ಟರ್‌ಗಳಿಗೆ ಸೊನ್ನೆಯಿಂದ ಆರಂಭಿಸಿ ಒಂದೇ ಸರಣಿಯ ಕ್ರಮಸಂಖ್ಯೆ ಕೊಡುವ ಪದ್ಧತಿಯು ಅದರ ಸ್ಥಾನವನ್ನು ಪಡೆಯಿತು. ಆ ಸಂಖ್ಯೆಯನ್ನು ನಿಜವಾದ ಸ್ಥಳಕ್ಕೆ ಹೊಂದಿಸುವ ಕೆಲಸವನ್ನು ಡಿಸ್ಕ್ ತಾನೇ ಮಾಡಿಕೊಳ್ಳುತ್ತದೆ.

ಬಳಸುವವರು ಕಡತದ ಹೆಸರನ್ನಷ್ಟೇ ಹೇಳುತ್ತಾರೆ. ಹೆಸರಿನಿಂದ ವಿಳಾಸವನ್ನು ತಿಳಿಯಲು ಡಿಸ್ಕ್‌ನಲ್ಲಿಯೇ ಒಂದು ಸೂಚಿ ಇರುತ್ತದೆ. ಈ ಸೂಚಿಯು ಕೆಟ್ಟರೆ, ಬರೆದದ್ದೆಲ್ಲವೂ ಡಿಸ್ಕ್‌ನ ಮೇಲೆ ಇದ್ದರೂ ನಮ್ಮ ಪಾಲಿಗೆ ಇಲ್ಲದಂತೆಯೇ. ಆದುದರಿಂದ ಮುಖ್ಯ ದಾಖಲೆಗಳ ಪ್ರತಿಯನ್ನು ಬೇರೊಂದು ಕಡೆಯಲ್ಲಿಯೂ ಇಡುವುದು ಅವಶ್ಯ. ಇದಕ್ಕೆ ಇನ್ನೊಂದು ಮುಖವೂ ಉಂಟು. ತಿರುಗುವ ಡಿಸ್ಕ್‌ನಲ್ಲಿ ಕಡತವೊಂದನ್ನು ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಸೂಚಿಯಲ್ಲಿನ ನಮೂದು ಮಾತ್ರ. ಆ ಸೆಕ್ಟರ್‌ಗಳ ಮೇಲೆ ಬೇರೇನನ್ನಾದರೂ ಬರೆಯುವವರೆಗೆ ಹಳೆಯ ಮಾಹಿತಿಯು ಅಲ್ಲಿಯೇ ಉಳಿದಿರುತ್ತದೆ. ತಿಳಿದವರು ಅದನ್ನು ಓದಬಲ್ಲರು. ಹಳೆಯ ಗಣಕವನ್ನು ಮಾರುವ ಅಥವಾ ದಾನ ಮಾಡುವ ಮೊದಲು ಡಿಸ್ಕ್‌ನ ಎಲ್ಲ ಸೆಕ್ಟರ್‌ಗಳ ಮೇಲೂ ಹೊಸದಾಗಿ ಬರೆದು ಪೂರ್ಣವಾಗಿ ಅಳಿಸುವುದು ಪ್ರತಿಯೊಬ್ಬರ ಹಿತದೃಷ್ಟಿಯಿಂದಲೂ ಅಗತ್ಯ.