ಕುಂಚಾವರಂ ದಾರಿಯೂ ಜೀಪಿನ ಕಮಾನೂ

ಕಲಾ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಯಾದ ನಾನು ಜೀಪಿನ ಕಮಾನುಗಳನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಮಿತ್ರರು ನಗಬಹುದು. ಇತಿಹಾಸದ ಮೇಲೊಂದು ಲೇಖನ ಬರೆಯಬಾರದೆ ಎಂದು ಉಪನ್ಯಾಸಕರೊಬ್ಬರು ಕೇಳಿಯೂ ಕೇಳಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತಿಸಿದುದು ತಂದೆಯವರ ಬಾಡಿಗೆಯ ಜೀಪು. ಆದುದರಿಂದ ಅದರ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಿಂದ ಬರುವ ಮಿತ್ರರಿಗೆ ಪರಿಚಿತವಾದುದು ಕರಿಯ ಎರೆಭೂಮಿ ಮತ್ತು ಅದರಡಿಯ ಸುಣ್ಣದ ಕಲ್ಲು. ಚಿಂಚೋಳಿ ದಾಟಿ ಕುಂಚಾವರಂ ಕಡೆಗೆ ತಿರುಗಿದರೆ ನೆಲದ ಬಣ್ಣವೇ ಬೇರೆ. ಕೆಂಪು ಜಂಬಿಟ್ಟಿಗೆಯ ದಿಣ್ಣೆಗಳು, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು, ಅದರ ಅಂಚಿನಲ್ಲಿ ತಾಂಡಾಗಳು, ಆಚೆಗೆ ತೆಲಂಗಾಣ. ಎರೆಯ ದಾರಿಯಲ್ಲಿ ಮಳೆಗಾಲಕ್ಕೆ ಗಾಲಿ ಹೂಳುತ್ತದೆ. ನಮ್ಮ ಕಲ್ಲುದಾರಿಯಲ್ಲಿ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಎರಡು ರೋಗಕ್ಕೂ ಒಂದೇ ಔಷಧವಿಲ್ಲ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಒಂದು ರಾತ್ರಿ ಹತ್ತಿರದ ತಾಂಡಾದಿಂದ ಕರೆ ಬಂತು. ಹೆರಿಗೆಯ ಹೆಣ್ಣುಮಗಳು, ಚೊಚ್ಚಲು. ರಜೆಗೆಂದು ಮನೆಗೆ ಬಂದಿದ್ದ ನಾನೂ ತಂದೆಯವರ ಜೊತೆ ಹೋದೆ. ತಾಂಡಾಕ್ಕೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ನೀರು ಮೊಣಕಾಲುದ್ದ ಇದ್ದೀತು, ಹೆಚ್ಚೇನಲ್ಲ. ಮುಂದಿನ ಎಡಗಾಲಿ ಒಂದು ಬಂಡೆಯನ್ನೇರಿತು, ಹಿಂದಿನ ಬಲಗಾಲಿ ಇನ್ನೊಂದನ್ನೇರಿತು. ಉಳಿದೆರಡು ಗಾಲಿಗಳು ಮೂಲೆಯಿಂದ ಮೂಲೆಗೆ ಗಾಳಿಯಲ್ಲಿ ನಿಂತವು. ನಾಲ್ಕೂ ಗಾಲಿಗೆ ಗಿಯರು ಹಾಕಿದ್ದರೂ ಆ ಎರಡು ಗಾಲಿ ಮಾತ್ರ ಗಿರಗಿರನೆ ತಿರುಗಿದವು, ಜೀಪು ಅಲುಗಲಿಲ್ಲ. ಆಕೆಯನ್ನು ಹೊರಸಿನ ಮೇಲೆ ಹೊತ್ತು ರಸ್ತೆ ಮುಟ್ಟಿಸುವ ಹೊತ್ತಿಗೆ ಒಂದು ತಾಸಾಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಜೀಪು ನಿಲ್ಲದಿದ್ದರೆ ಉಳಿಯುತ್ತಿತ್ತೆಂದು ವೈದ್ಯರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆ. ನಾಲ್ಕು ಗಾಲಿಗೆ ಶಕ್ತಿಯಿದ್ದೂ ಗಾಡಿ ನಿಲ್ಲುವುದೇಕೆ? ಒಂದು ಆಕ್ಸಲಿನ ನಡುವಣ ಡಿಫರೆನ್ಶಿಯಲ್ ಎಡಬಲ ಗಾಲಿಗಳಿಗೆ ತಿರುಗುಬಲವನ್ನು ಸಮನಾಗಿ ಹಂಚುತ್ತದೆ. ಗಾಳಿಯಲ್ಲಿರುವ ಗಾಲಿಗೆ ತಿರುಗಲು ಬಲವೇ ಬೇಡ. ಆದುದರಿಂದ ನೆಲದ ಮೇಲಿರುವ ಅದರ ಜೊತೆಗಾರನಿಗೂ ದೊರೆಯುವುದು ಅಷ್ಟೇ, ಅಂದರೆ ಬಹುಮಟ್ಟಿಗೆ ಸೊನ್ನೆ. ಡಿಫರೆನ್ಶಿಯಲನ್ನು ಬಿಗಿದುಬಿಡುವ ಲಾಕ್ ಎಂಬ ಉಪಕರಣ ಉಂಟು, ಆದರೆ ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಉಳಿದ ಹಾದಿ ಒಂದೇ: ಗಾಲಿ ನೆಲ ಬಿಡದಂತೆ ನೋಡಿಕೊಳ್ಳುವುದು.

ಎತ್ತಿನ ಬಂಡಿಗೆ ಈ ಕಷ್ಟವಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಎರಡು ಗಾಲಿ, ಒಂದು ನೊಗ, ಒಟ್ಟು ಮೂರು ಆಧಾರ. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಕುಳಿತುಕೊಳ್ಳುತ್ತದೆ; ನಾಲ್ಕು ಕಾಲಿನದು ಕುಂಟುತ್ತದೆ. (ನಮ್ಮ ತರಗತಿಯ ಬೆಂಚುಗಳೇ ಸಾಕ್ಷಿ.) ಟ್ರ್ಯಾಕ್ಟರು ನಾಲ್ಕು ಗಾಲಿಯದಾದರೂ ಅದರ ಮುಂದಿನ ಆಕ್ಸಲನ್ನು ನಡುವೆ ಒಂದೇ ಗೂಟಕ್ಕೆ ಸಿಕ್ಕಿಸಿ ತಕ್ಕಡಿಯ ಹಾಗೆ ತೂಗಬಿಟ್ಟಿದ್ದಾರೆ. ಕಮಾನಿಲ್ಲದೆಯೂ ಅದು ಉತ್ತ ಹೊಲದಲ್ಲಿ ನಾಲ್ಕು ಗಾಲಿಯೂರಿ ನಡೆಯುತ್ತದೆ. ಜೀಪಿನಲ್ಲಿ ಆ ಕೆಲಸವನ್ನು ಕಮಾನು ಮಾಡಬೇಕು.

ನಮ್ಮದು, ಮಹೀಂದ್ರಾದವರು 1949ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ವಂಶದ ಗಾಡಿ. ಮುಂದೆ ಹಿಂದೆ ಗಟ್ಟಿ ಆಕ್ಸಲು, ನಾಲ್ಕು ಕಡೆಯೂ ಪಟ್ಟಿಗಳ ಕಮಾನು. ಹಿಂದಿನ ಕಮಾನುಗಳಿಗೆ ತಂದೆಯವರು ತಲಾ ಎರಡು ಪಟ್ಟಿ ಹೆಚ್ಚಿಗೆ ಹಾಕಿಸಿದ್ದರು. “ಮಂದಿ ಹೆಚ್ಚಾದ್ರ ಗಾಡಿ ಹಿಂದ ಕುಂದರ್ತದ, ತಮ್ಮಾ” ಎಂಬುದು ಅವರ ವಾದ. ಸಂತೆಯ ದಿನ ಎಷ್ಟು ಮಂದಿಯನ್ನು ಕೂಡಿಸುತ್ತಿದ್ದೆವೆಂಬುದನ್ನು ಇಲ್ಲಿ ಬರೆಯದಿರುವುದೇ ಲೇಸು.

ಮುಖ್ಯವಾದ ಮಾತು ಇಲ್ಲಿದೆ. ಗಾಡಿಯ ಭಾರಕ್ಕೆ ಕಮಾನು ಕುಗ್ಗುವುದನ್ನು ನಾವು ದೋಷವೆಂದು ತಿಳಿಯುತ್ತೇವೆ. ಅದು ದೋಷವಲ್ಲ. ಕಮಾನು ನಿಂತಲ್ಲಿ ಎಷ್ಟು ಕುಗ್ಗಿರುತ್ತದೆಯೋ, ಗಾಲಿ ಹೊಂಡದ ಮೇಲೆ ಬಂದಾಗ ಅಷ್ಟೇ ಕೆಳಗಿಳಿದು ನೆಲವನ್ನು ಒತ್ತಬಲ್ಲದು. ಕುಗ್ಗುವಿಕೆ ಎಂಬುದು ಇಳಿಯುವುದಕ್ಕಾಗಿ ಕಟ್ಟಿಟ್ಟ ಬುತ್ತಿ. ಏಳು ಪಟ್ಟಿಯ ಕಮಾನಿಗೆ ಅದೇ ದಪ್ಪದ ಎರಡನ್ನು ಕೂಡಿಸಿದರೆ ಅದರ ಬಿರುಸು ಸ್ಥೂಲವಾಗಿ ಏಳರಿಂದ ಒಂಬತ್ತಕ್ಕೇರುತ್ತದೆ. ಮೊದಲು ನಾಲ್ಕೂವರೆ ಅಂಗುಲ ಕುಗ್ಗುತ್ತಿದ್ದರೆ ಈಗ ಮೂರೂವರೆ. ಒಂದು ಅಂಗುಲ ಬುತ್ತಿ ಹೋಯಿತು. ಪಟ್ಟಿಯ ದಪ್ಪ ಹೆಚ್ಚಿಸುವುದು ಇನ್ನೂ ಕೆಡುಕು: ಬಿರುಸು ದಪ್ಪದ ಘನದಂತೆ ಏರುವುದರಿಂದ 6 ಮಿಲಿಮೀಟರಿನ ಪಟ್ಟಿಯ ಬದಲು 7 ಮಿಲಿಮೀಟರಿನದು ಹಾಕಿದರೆ ಒಂದೂವರೆ ಪಾಲಿಗೂ ಮೀರುತ್ತದೆ. ಉದ್ದದ ಪರಿಣಾಮ ಇದಕ್ಕೆ ವಿರುದ್ಧ. ಕಮಾನಿನ ಉದ್ದವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಬಿರುಸು ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಉದ್ದನೆಯ, ತೆಳುವಾದ ಪಟ್ಟಿಯೇ ಗಾಲಿಗೆ ಹೆಚ್ಚು ಓಡಾಟ ಕೊಡತಕ್ಕದ್ದು.

ತಂದೆಯವರು ಲೆಕ್ಕವನ್ನು ನಂಬಲಿಲ್ಲ. ಕಣ್ಣಿಗೆ ಕಾಣಿಸಬೇಕಾಯಿತು. ಮನೆಯ ಹಿಂದೆ ಶಹಾಬಾದಿ ಫರ್ಸಿಗಳು ಬಿದ್ದಿದ್ದವು, ಒಂದೊಂದೂ ಒಂದೂಕಾಲು ಅಂಗುಲದಷ್ಟು ದಪ್ಪ. ಖಾಲಿ ಜೀಪಿನ ಮುಂದಿನ ಎಡಗಾಲಿಯನ್ನು ಜಾಕಿಯಿಂದೆತ್ತಿ ಅದರಡಿಗೆ ಒಂದೊಂದೇ ಫರ್ಸಿ ಸೇರಿಸುತ್ತ, ಪ್ರತಿ ಸಲವೂ ಜಾಕಿ ಇಳಿಸಿ, ಹಿಂದಿನ ಎಡಗಾಲಿಯ ಅಡಿಯಿಂದ ಒಂದು ಕಾಗದದ ಚೂರನ್ನು ಎಳೆದು ನೋಡಿದೆವು. ಉಳಿದ ಗಾಲಿಗಳಿಗೆ ಕಲ್ಲು ಒಡ್ಡದೆ ಯಾರೂ ಇದನ್ನು ಮಾಡಕೂಡದು, ಫರ್ಸಿ ಜಾರುತ್ತದೆ. ಎಂಟನೆಯ ಫರ್ಸಿಗೆ ಕಾಗದ ಸಲೀಸಾಗಿ ಹೊರಬಂತು. ಹೆಚ್ಚಿನ ಪಟ್ಟಿಗಳನ್ನು ಬಿಚ್ಚಿಸಿ ಮತ್ತೆ ನೋಡಿದೆವು: ಹತ್ತು. ತಂದೆಯವರು ಏನೂ ಹೇಳದೆ ಬೀಡಿ ಹಚ್ಚಿದರು.

ಅಷ್ಟಕ್ಕೇ ನಿಂತುದೇಕೆಂದು ಬಗ್ಗಿ ನೋಡಿದಾಗ ಕಾರಣ ತಿಳಿಯಿತು. ಕಮಾನು ಇನ್ನೂ ಇಳಿಯಬಯಸುತ್ತಿತ್ತು. ಶಾಕ್ ಅಬ್ಸಾರ್ಬರು ತನ್ನ ಉದ್ದವೆಲ್ಲ ಎಳೆದುಕೊಂಡು ಅದನ್ನು ಹಿಡಿದು ನಿಲ್ಲಿಸಿತ್ತು. ಹೆಚ್ಚು ಉದ್ದ ಎಳೆಯಬಲ್ಲ ಶಾಕ್ ಅಬ್ಸಾರ್ಬರು ಹಾಕಿಸಿದ ಮೇಲೆ ಹನ್ನೆರಡು ಫರ್ಸಿಯಾಯಿತು. ಆದರೆ ಕೊಳ್ಳುವವರು ಎರಡು ಅಳತೆ ನೋಡತಕ್ಕದ್ದು. ಪೂರ್ತಿ ಎಳೆದಾಗಿನ ಉದ್ದ ಒಂದು, ಪೂರ್ತಿ ಒತ್ತಿದಾಗಿನದು ಇನ್ನೊಂದು. ಆಕ್ಸಲು ಮೇಲೇರಿ ರಬ್ಬರಿನ ತಡೆಗೆ ತಾಗುವ ಮೊದಲೇ ಶಾಕ್ ಅಬ್ಸಾರ್ಬರಿನ ತಳ ಮುಟ್ಟಿದರೆ ಅದು ಒಡೆಯುತ್ತದೆ. ಬ್ರೇಕಿನ ರಬ್ಬರು ಕೊಳವೆಯನ್ನಂತೂ ಎಲ್ಲಕ್ಕಿಂತ ಮೊದಲು ಅಳೆಯಬೇಕು. ಗಾಲಿ ಇಳಿದಷ್ಟು ಅದು ಉದ್ದವಿಲ್ಲದಿದ್ದರೆ ಹರಿದೀತು; ಬ್ರೇಕಿಲ್ಲದ ಜೀಪಿಗಿಂತ ಹಳ್ಳದಲ್ಲಿ ನಿಂತ ಜೀಪೇ ಮೇಲು.

ಬೇರೆ ಉಪಾಯಗಳೂ ಉಂಟು. ಕಮಾನಿನ ತುದಿಯ ಶ್ಯಾಕಲನ್ನು ಉದ್ದ ಮಾಡುವುದು ಅಗ್ಗ. ಆದರೆ ಹೆಚ್ಚಿಸಿದ ಉದ್ದದ ಅರ್ಧದಷ್ಟು ಗಾಡಿ ಎತ್ತರವಾಗುತ್ತದೆ, ಮುಂದಿನ ಆಕ್ಸಲಿನ ಓರೆ ಬದಲಾಗಿ ಸ್ಟಿಯರಿಂಗು ದಾರಿ ತಪ್ಪುತ್ತದೆ. ಆಕ್ಸಲಿನ ಕೆಳಗಿರುವ ಕಮಾನನ್ನು ಮೇಲಕ್ಕೆ ಕೂಡಿಸುವವರೂ ಇದ್ದಾರೆ. ಹೊಟ್ಟೆ ಕಲ್ಲಿಗೆ ತಾಗದು, ನೋಡುವುದಕ್ಕೂ ಠೀವಿ. ಗಾಡಿ ಓರೆಯಲ್ಲಿ ಮಗುಚುವ ಭಯ ಮಾತ್ರ ಹೆಚ್ಚು. ಎತ್ತರ ಬೇರೆ, ಗಾಲಿಯ ಓಡಾಟ ಬೇರೆ. ಇವೆರಡನ್ನು ಒಂದೆಂದು ತಿಳಿದು ಹಣ ಕಳೆದವರನ್ನು ನಾನು ಬಲ್ಲೆ. ಮೇಲಾಗಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡನ್ನು ನಿಷೇಧಿಸುತ್ತದೆ.

ಹೊಸ ಗಾಡಿಗಳಲ್ಲಿ ಪಟ್ಟಿಯ ಬದಲು ಸುರುಳಿಯ ಕಮಾನು. ಪಟ್ಟಿಗಳು ಒಂದರ ಮೇಲೊಂದು ಉಜ್ಜುವ ತಡೆ ಅದರಲ್ಲಿಲ್ಲ, ಆದುದರಿಂದ ಮೃದು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ಪಟ್ಟಿಗಳಿದ್ದವು. 2023ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಜಿಮ್ನಿಗೆ ಸುರುಳಿ. ಆದರೂ ಅದರಲ್ಲಿ ಎರಡು ಕಡೆಯೂ ಗಟ್ಟಿ ಆಕ್ಸಲನ್ನೇ ಉಳಿಸಿದ್ದಾರೆ. ಗಟ್ಟಿ ಆಕ್ಸಲಿನ ಒಂದು ಗಾಲಿಯನ್ನು ಕಲ್ಲು ಮೇಲೆತ್ತಿದರೆ ಇನ್ನೊಂದು ತಾನಾಗಿ ಕೆಳಗೊತ್ತಲ್ಪಡುತ್ತದೆ, ಟ್ರ್ಯಾಕ್ಟರಿನ ಮುಂದಾಕ್ಸಲಿನಂತೆ. 2020ರ ಥಾರಿನ ಮುಂದಿನ ಗಾಲಿಗಳು ಬಿಡಿಬಿಡಿಯಾಗಿ ಕಮಾನಿನ ಮೇಲೆ ನಿಂತಿವೆ. ಹಿಂದಿನವು ಗಟ್ಟಿ ಆಕ್ಸಲಿನವು. ಬಿಡಿ ಗಾಲಿ ರಸ್ತೆಯಲ್ಲಿ ವೇಗಕ್ಕೆ ಒಳ್ಳೆಯದು, ಬಂಡೆಯ ಹಳ್ಳದಲ್ಲಿ ಒಂದಕ್ಕೊಂದು ನೆರವಾಗದು. ಹಳೆಯ ಜೀಪಿಗೆ ಸುರುಳಿ ಕೂಡಿಸಬೇಕಾದರೆ ಚಾಸಿಗೆ ಬೆಸುಗೆ ಹಾಕಬೇಕು. ಆ ಖರ್ಚಿನಲ್ಲಿ ನನ್ನ ತಂಗಿಯನ್ನು ಓದಿಸಬಹುದು.

ನಾವು ಮಾಡಿದುದಕ್ಕೂ ಬೆಲೆ ತೆರಬೇಕಾಯಿತು. ಪಟ್ಟಿ ತೆಗೆದ ಮೇಲೆ ಹೆಚ್ಚು ಮಂದಿ ಕುಳಿತರೆ ಹಿಂಭಾಗ ಕುಸಿಯುತ್ತದೆ. ಖೇಪಿಗೆ ಇಬ್ಬರನ್ನು ಬಿಡಬೇಕು. ಬಿಟ್ಟವರು ಸಿಟ್ಟಾಗಿ ಇನ್ನೊಂದು ಜೀಪು ಹತ್ತುತ್ತಾರೆ. ಈ ವರ್ಷ ನನ್ನ ಪರೀಕ್ಷೆಯ ಶುಲ್ಕಕ್ಕೆ ತಂದೆಯವರು ಕೈಗಡ ತಂದರು.

ಕಳೆದ ಮಳೆಗಾಲದಲ್ಲಿ ಅದೇ ತಾಂಡಾದ ಒಬ್ಬ ಮುದುಕನನ್ನು ಚಿಂಚೋಳಿಗೆ ಒಯ್ಯಬೇಕಾಯಿತು. ಹಳ್ಳದಲ್ಲಿ ನಾನು ಕೆಳಗಿಳಿದು ಟಾರ್ಚು ಹಿಡಿದು ಹಿಂದಿನ ಎಡಗಾಲಿಯನ್ನೇ ನೋಡುತ್ತ ನಿಂತೆ. ಅದು ನಿಧಾನವಾಗಿ ನೀರಿನೊಳಗೆ ಇಳಿಯಿತು, ತಳದ ಕಲ್ಲನ್ನು ಮುಟ್ಟಿತು, ಒದ್ದೆಯಾಗಿ ಮೇಲೆ ಬಂತು. ತಂದೆಯವರು ಹಿಂತಿರುಗಿ ನೋಡಲಿಲ್ಲ, “ಮುಟ್ಟೇತೇನೋ?” ಎಂದು ಮಾತ್ರ ಕೇಳಿದರು. “ಮುಟ್ಟ್ಯಾದಪ್ಪಾ” ಎಂದೆ.

ಬಿಚ್ಚಿದ ನಾಲ್ಕು ಪಟ್ಟಿಗಳಲ್ಲಿ ಎರಡನ್ನು ಕಮ್ಮಾರನಿಗೆ ಕೊಟ್ಟು ಕುಡುಗೋಲು ಮಾಡಿಸಿದ್ದೇವೆ. ಉಳಿದೆರಡು ಗೋಡೆಗೆ ಆನಿಸಿಟ್ಟಿವೆ. ತೊಗರಿಯ ಚೀಲ ಹೇರುವ ದಿನಗಳಲ್ಲಿ ತಂದೆಯವರು ಅವುಗಳ ಕಡೆ ನೋಡುವುದುಂಟು.