ಕನ್ನಡಕ ತೆಗೆದಿಟ್ಟು ಕೂತ ದಿನ

ಪುಟ್ಟಿ,

ಮೊನ್ನೆ ನಿನ್ನಮ್ಮ ಫೋನಿನಲ್ಲಿ ಹೇಳಿದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ಗಂಡಿನ ಕಡೆಯವರು ಬರುವುದರೊಳಗೆ ನೀನು ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳಬೇಕಂತೆ. ಈಗಲೇ ಕನ್ನಡಕವಿಲ್ಲದೆ ಸ್ಕೂಟರ್ ಓಡಿಸುತ್ತಿದ್ದೀಯಂತೆ! ಎದುರಿಗೆ ಬರುವ ಮಗು ನಿನಗೆ ಕಾಣುತ್ತದೆಯೇನೆ?

1984ರಲ್ಲಿ ಸಾಗರದ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದರು. ಎರಡು ಕಣ್ಣಿಗೂ ಮೈನಸ್ 4. ಅಂದರೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು 25 ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಗೇಣು. ಅದರಾಚೆ ಎಲ್ಲ ಮಸುಕು. ಅಜ್ಜಿ ನನ್ನ ಕನ್ನಡಕ ಕಿತ್ತು ಅಕ್ಕಿ ಡಬ್ಬದ ಹಿಂದೆ ಇಟ್ಟರು. ಜಮಖಾನದ ಮೇಲೆ ಬಿಳಿ ಅಂಗಿಯವರು ಮೂವರು. ಗಂಡು ಯಾರೆಂದೇ ತಿಳಿಯಲಿಲ್ಲ. ದನಿ ಬಂದ ದಿಕ್ಕಿಗೆ ತಟ್ಟೆ ಹಿಡಿದೆ. ಒಳಗೆ ಬಂದ ಮೇಲೆ ಒಪ್ಪಿಗೆಯಾ ಅಂದರು, ಹೂಂ ಅಂದೆ. ನಿನ್ನ ಮಾವನ ಮುಖ ಸರಿಯಾಗಿ ನೋಡಿದ್ದು ಮದುವೆಯಾದ ಮೂರನೇ ದಿನ, ಅವರ ಮನೆಯಲ್ಲಿ ಹೆದರುತ್ತ ಕನ್ನಡಕ ಹಾಕಿಕೊಂಡಾಗ. "ಮೊದಲೇ ಹಾಕಿಕೊಳ್ಳಬಾರದಿತ್ತಾ?" ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ಲೇಸರ್ ಕೆಟ್ಟದ್ದು ಅನ್ನುತ್ತಿಲ್ಲ. ನಮ್ಮಂಥವರ ಕಣ್ಣುಗುಡ್ಡೆ ಕೊಂಚ ಉದ್ದ. ಬೆಳಕು ರೆಟಿನಾ ಮುಟ್ಟುವ ಮೊದಲೇ ಒಂದೆಡೆ ಕೂಡಿಬಿಡುತ್ತದೆ. ಕನ್ನಡಕದ ನಿಮ್ನ ಮಸೂರ ಅದನ್ನು ಹಿಂದಕ್ಕೆ ಸರಿಸುತ್ತದೆ. ಲೇಸರು ಕಾರ್ನಿಯಾವನ್ನೇ ತುಸು ಚಪ್ಪಟೆಯಾಗಿ ಕೆತ್ತಿ ಅದೇ ಕೆಲಸ ಮಾಡುತ್ತದೆ. ಆ ಕಾರ್ನಿಯಾದ ದಪ್ಪವೇ ಸುಮಾರು ಅರ್ಧ ಮಿಲಿಮೀಟರು. ಕೆತ್ತಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ನಿನ್ನ ನಂಬರ್ ಹೋದ ವರ್ಷ 3 ಇತ್ತು, ಈಗ ಮೂರೂಮುಕ್ಕಾಲು. ಏರುತ್ತಿರುವಾಗಲೇ ಮಾಡಿಸಿದರೆ ಮತ್ತೆ ಕನ್ನಡಕವೇ ಗತಿಯಾಗಬಹುದು. ಕಡೇಪಕ್ಷ ಒಂದು ವರ್ಷ ನಂಬರ್ ನಿಂತಿರಬೇಕೆಂದು ಡಾಕ್ಟರುಗಳೇ ಹೇಳುತ್ತಾರೆ. ಇಷ್ಟು ಓದಿದವಳಿಗೆ ಇದನ್ನು ನಾನು ಹೇಳಬೇಕೇ? ಯಾರೋ ಅರ್ಧ ಗಂಟೆ ಕೂತು ಹೋಗುವುದಕ್ಕೆ ಕಣ್ಣು ಕೆತ್ತಿಸಿಕೊಳ್ಳುತ್ತಾರೆಯೇ?

ಮಾಡಿಸಿಕೊಂಡರೂ ಉದ್ದದ ಕಣ್ಣು ಉದ್ದವಾಗಿಯೇ ಇರುತ್ತದೆ, ರೆಟಿನಾ ತೋರಿಸಿಕೊಳ್ಳುವುದು ತಪ್ಪುವುದಿಲ್ಲ. ನಲವತ್ತು ದಾಟಿದರೆ ಚಾಳೀಸೂ ಬರುತ್ತದೆ. ಲೇಸರ್ ಮಾಡಿಸದ ನನಗೀಗ ಸೂಜಿಗೆ ದಾರ ಪೋಣಿಸಲು ಕನ್ನಡಕ ತೆಗೆದರೆ ಸಾಕು.

ಗದರಿದೆ, ಬೇಜಾರು ಮಾಡಿಕೊಳ್ಳಬೇಡ ಮಗಾ. ನಿನ್ನ ಹಳೆಯ ಚೀಟಿಗಳನ್ನೆಲ್ಲ ತೆಗೆದಿಡು, ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ಗಂಡಿನ ಕಡೆಯವರು ಬರುವ ದಿನ ನಾನೂ ಅಲ್ಲಿರುತ್ತೇನೆ. ನೀನು ಕನ್ನಡಕ ಹಾಕಿಕೊಂಡೇ ಹೊರಗೆ ಬಾ. ಹುಡುಗನ ಮುಖ ನಿನಗೆ ಕಾಣಬೇಕು.

ನಿನ್ನ ಅತ್ತೆ